ನ್ಯಾಯಾಲಯದ ಕಡತ ಹಾಗೂ ಅಂಕಿ-ಅಂಶ ಶುದ್ಧಿಯ ಕಾಯಕ

ನ್ಯಾಯಾಲಯದ ಮೆಟ್ಟಿಲು ಹತ್ತಿದ ಕುಟುಂಬಗಳಿಗೆ ಎಲ್ಲಕ್ಕಿಂತ ಪರಿಚಿತವಾದ ಪದವೆಂದರೆ 'ತಾರೀಖು'. ಆಸ್ತಿ ವಿಭಾಗದ ದಾವೆಯಿರಲಿ, ಬಾಡಿಗೆದಾರನ ತಗಾದೆಯಿರಲಿ, ಅಪಘಾತ ಪರಿಹಾರದ ಅರ್ಜಿಯಿರಲಿ, ಮುಂದಿನ ತಾರೀಖು ಯಾವತ್ತು ಎಂಬ ಪ್ರಶ್ನೆಯ ಸುತ್ತಲೇ ಮನೆಯವರ ವರ್ಷಗಳು ಉರುಳುತ್ತವೆ. ಹಿಂದೆ ಜಯನಗರ, ಬನಶಂಕರಿಗಳ ನಿವಾಸಿಗಳು ಈ ಒಂದು ಮಾತನ್ನು ತಿಳಿಯುವುದಕ್ಕಾಗಿ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ನ್ಯಾಯಾಲಯದವರೆಗೆ ಬಸ್ಸು ಹಿಡಿದು ಹೋಗಿ, ಕಚೇರಿಯ ಗುಮಾಸ್ತರ ಮೇಜಿನ ಮುಂದೆ ಕಾದು ನಿಲ್ಲಬೇಕಾಗಿತ್ತು. ಇಂದು ಅದೇ ಮಾಹಿತಿ ಮನೆಯ ಜಗಲಿಯಲ್ಲಿ ಕುಳಿತಂತೆಯೇ ಅಂಗೈಯ ಮೊಬೈಲಿನಲ್ಲಿ ದೊರೆಯುತ್ತದೆ. ಆದರೆ ಅಲ್ಲಿ ಮೂಡುವ ದಿನಾಂಕ, ಹೆಸರು, ಪ್ರಕರಣದ ಹಂತ ಇವೆಲ್ಲ ಸರಿಯಾಗಿವೆಯೆಂದು ನೋಡುವವರು ಯಾರು? ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ವಿರಳ.

ಗಣಕಯಂತ್ರಗಳ ಉದ್ಯೋಗದಲ್ಲಿ 'ಡೇಟಾ ಕ್ವಾಲಿಟಿ' ಎಂಬ ಮಾತು ಈಗ ಸರ್ವೇಸಾಮಾನ್ಯ. ಜೆ.ಪಿ. ನಗರದಲ್ಲಾಗಲಿ ಬಿ.ಟಿ.ಎಂ. ಬಡಾವಣೆಯಲ್ಲಾಗಲಿ ಈ ಬಗೆಯ ಕೆಲಸದಲ್ಲಿರುವ ಮಗನೋ ಮಗಳೋ ಸೊಸೆಯೋ ಇಲ್ಲದ ಬೀದಿ ಇರಲಾರದು. ಬ್ಯಾಂಕಿನ ಲೆಕ್ಕ, ವಿಮೆಯ ಪಟ್ಟಿ, ಅಂಗಡಿಯ ದಾಸ್ತಾನು ಇವುಗಳನ್ನು ಶುದ್ಧವಾಗಿಡುವುದು ಅವರ ಹೊಣೆ. ಅದೇ ಕೆಲಸ ನ್ಯಾಯಾಡಳಿತದ ಅಂಗಳಕ್ಕೆ ಬಂದಾಗ ಅದರ ತೂಕವೇ ಬೇರೆಯಾಗುತ್ತದೆ. ಅಂಗಡಿಯ ಪಟ್ಟಿಯಲ್ಲಿನ ತಪ್ಪಿನಿಂದ ಹಣ ನಷ್ಟವಾದೀತು. ಇಲ್ಲಿನ ತಪ್ಪಿನಿಂದ ಮನುಷ್ಯನ ದಿನಗಳು ನಷ್ಟವಾಗುತ್ತವೆ.

ಮೊದಲಿಗೆ ಸ್ವಲ್ಪ ಹಿನ್ನೆಲೆಯನ್ನು ಹೇಳುವುದು ಅಗತ್ಯ. ನಮ್ಮ ದೇಶದ ನ್ಯಾಯಾಲಯಗಳಿಗೆ ಗಣಕಯಂತ್ರ ಕಾಲಿಟ್ಟಿದ್ದು 1990ರ ದಶಕದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿಯು ರಾಷ್ಟ್ರೀಯ ನೀತಿಯೊಂದನ್ನು ಸಿದ್ಧಪಡಿಸಿತು. 2007ರಿಂದ ಇ-ನ್ಯಾಯಾಲಯ ಯೋಜನೆಯ ಮೊದಲ ಹಂತವೂ 2015ರಿಂದ ಎರಡನೆಯ ಹಂತವೂ ನಡೆದವು. ಕೇಂದ್ರ ಸರಕಾರದ ನ್ಯಾಯ ಇಲಾಖೆಯ ಮೂಲಕ ನಡೆಯುವ ಈ ಯೋಜನೆಯ ಮೂರನೆಯ ಹಂತಕ್ಕೆ 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿಗಳ ಮಂಜೂರಾತಿ ದೊರೆಯಿತು. ಇದರ ಫಲವಾಗಿ ರೂಪುಗೊಂಡ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲವು 2015ರ ಸೆಪ್ಟೆಂಬರ್ 19ರಂದು ಸಾರ್ವಜನಿಕರಿಗೆ ತೆರೆಯಿತು. 2020ರಲ್ಲಿ ಉಚ್ಚ ನ್ಯಾಯಾಲಯಗಳ ಲೆಕ್ಕವೂ 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಲೆಕ್ಕವೂ ಅದರಲ್ಲಿ ಕಾಣಿಸಿಕೊಂಡವು. ಜಿಲ್ಲಾ ಹಾಗೂ ಅಧೀನ ನ್ಯಾಯಾಲಯಗಳಲ್ಲಿ 4 ಕೋಟಿಗೂ ಮೀರಿದ ಪ್ರಕರಣಗಳು ಬಾಕಿಯಿವೆಯೆಂದು ನಾವು ಪತ್ರಿಕೆಗಳಲ್ಲಿ ಓದುವುದು ಈ ಜಾಲದಿಂದಲೇ.

ಪ್ರತಿಯೊಂದು ಪ್ರಕರಣಕ್ಕೂ ದೇಶದಲ್ಲಿ ಬೇರೆ ಯಾವುದಕ್ಕೂ ಇಲ್ಲದ 16 ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆಯೊಂದಿರುತ್ತದೆ. ಅದನ್ನು ಸಿ.ಎನ್.ಆರ್. ಸಂಖ್ಯೆ ಎನ್ನುತ್ತಾರೆ. ಕರ್ನಾಟಕದ್ದಾದರೆ ಅದು ಕೆ.ಎ. ಎಂಬೆರಡು ಅಕ್ಷರಗಳಿಂದ ಮೊದಲಾಗಿ ಇಸವಿಯೊಂದಿಗೆ ಮುಗಿಯುತ್ತದೆ. ಪುಣೆಯಲ್ಲಿ ಸಿದ್ಧಗೊಂಡ ಪ್ರಕರಣ ಮಾಹಿತಿ ತಂತ್ರಾಂಶದಲ್ಲಿ ನ್ಯಾಯಾಲಯದ ಸಿಬ್ಬಂದಿ ವಾದಿ-ಪ್ರತಿವಾದಿಗಳ ಹೆಸರು, ವಕೀಲರ ನೋಂದಣಿ ಸಂಖ್ಯೆ, ಕಾಯಿದೆ ಮತ್ತು ಕಲಮು, ಪೊಲೀಸ್ ಠಾಣೆ, ಪ್ರಕರಣದ ಹಂತ, ಮುಂದಿನ ದಿನಾಂಕ ಇವನ್ನೆಲ್ಲ ತುಂಬುತ್ತಾರೆ. ತುಂಬುವ ಕೈ ದಣಿದಿರುತ್ತದೆ. ಎದುರಿಗೆ ಕಡತಗಳ ರಾಶಿಯಿರುತ್ತದೆ. ಹೊರಗೆ ವಕೀಲರು ಕರೆಯುತ್ತಿರುತ್ತಾರೆ. ತಪ್ಪು ನುಸುಳುವುದು ಇಲ್ಲಿಯೇ.

ಈ ತಪ್ಪುಗಳನ್ನು ಹುಡುಕುವವರ ಕೆಲಸ ಹೊರನೋಟಕ್ಕೆ ಬಹಳ ನೀರಸ. ದಾವೆ ದಾಖಲಾದ ದಿನಕ್ಕಿಂತ ಮೊದಲೇ ವಿಚಾರಣೆಯ ದಿನ ಬಿದ್ದಿದೆಯೇ? ಮುಂದಿನ ತಾರೀಖು ಭಾನುವಾರಕ್ಕೆ ಬಂದಿದೆಯೇ? ಕಕ್ಷಿದಾರರ ವಯಸ್ಸು ಸೊನ್ನೆಯೆಂದು ಬರೆದಿದೆಯೇ? ಒಂದೇ ಅರ್ಜಿ ಎರಡು ಸಲ ಏರಿದೆಯೇ? ತೀರ್ಪು ಬಂದು ಕಡತ ದಾಖಲೆ ಕೋಣೆಗೆ ಹೋದ ಮೇಲೂ ಗಣಕದಲ್ಲಿ ಪ್ರಕರಣ ಬಾಕಿಯೆಂದೇ ಉಳಿದಿದೆಯೇ? ಕೆಲವನ್ನು ಯಂತ್ರವೇ ಹಿಡಿದು ತೋರಿಸುತ್ತದೆ. ಮುಂದಿನ ದಿನಾಂಕವನ್ನೇ ನಮೂದಿಸದ ಪ್ರಕರಣಗಳನ್ನು ಪ್ರತ್ಯೇಕಿಸಿ ತೋರಿಸುವ ಏರ್ಪಾಡು ದತ್ತಾಂಶ ಜಾಲದಲ್ಲಿದೆ. ಆದರೆ ಭಾನುವಾರವಲ್ಲದ, ನೋಡಲು ಸರಿಯಾಗಿಯೇ ಇರುವ, ಆದರೂ ತಪ್ಪಾದ ತಾರೀಖನ್ನು ಯಂತ್ರ ಹಿಡಿಯಲಾರದು. ಅದಕ್ಕೆ ಕಪಾಟಿನಿಂದ ಕಡತವನ್ನು ಇಳಿಸಿ, ನ್ಯಾಯಾಧೀಶರು ಸಹಿ ಮಾಡಿದ ಆದೇಶ ಹಾಳೆಯೊಡನೆ ತಾಳೆ ನೋಡುವುದೊಂದೇ ದಾರಿ. ಧೂಳು ಕುಡಿಯುವ ಆ ಕೆಲಸಕ್ಕೆ ಇನ್ನೂ ಬದಲಿ ಹುಟ್ಟಿಲ್ಲ.

ಹೆಸರುಗಳ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನಮ್ಮ ಮನೆಗಳಿಗೆ ಇದು ನೇರವಾಗಿ ಸಂಬಂಧಿಸಿದ್ದು. ಉತ್ತರ ಕರ್ನಾಟಕದ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರು ಭಾಗ. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ, ತನ್ನ ಹೆಸರು ಹಿಂದೆ. ಹುಬ್ಬಳ್ಳಿಯಿಂದ ಬಂದು ಬನಶಂಕರಿಯಲ್ಲಿ ನೆಲೆಸಿದ ಬಸವರಾಜ ಸಿದ್ದಪ್ಪ ಪಾಟೀಲರು ಒಂದು ಕಾಗದದಲ್ಲಿ ಬಿ.ಎಸ್. ಪಾಟೀಲ್, ಇನ್ನೊಂದರಲ್ಲಿ ಪಾಟೀಲ್ ಬಸವರಾಜ್, ಮತ್ತೊಂದರಲ್ಲಿ ಎಸ್. ಬಸವರಾಜು ಆಗಿಬಿಡುತ್ತಾರೆ. ಇಂಗ್ಲಿಷ್ ಲಿಪಿಗೆ ಹೋದರಂತೂ ಕೇಳುವುದೇ ಬೇಡ: ಸಿದ್ದಪ್ಪ, ಸಿದ್ಧಪ್ಪ, ಸಿದಪ್ಪ ಮೂವರೂ ಕಲಸಿಹೋಗುತ್ತಾರೆ, ಗಂಗಮ್ಮನವರ ಕೊನೆಯ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಅಷ್ಟೇ ಅಲ್ಲ, ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಬಸವರಾಜರು ಯಂತ್ರಕ್ಕೆ ಒಬ್ಬರೇ ಆಗಿಯೂ ಕಾಣಬಹುದು. ಮೊದಲನೆಯ ತಪ್ಪಿನಿಂದ ತನ್ನ ಪ್ರಕರಣ ತನಗೇ ಸಿಗದು. ಎರಡನೆಯದರಿಂದ ಇನ್ನೊಬ್ಬನ ಮೊಕದ್ದಮೆ ತನ್ನ ತಲೆಗೆ ಅಂಟುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಅಂಕಣಗಳ ನಮೂನೆಗಳನ್ನು ಎಲ್ಲಿಯೋ ಯಾರೋ ರೂಪಿಸಿ ನಮ್ಮ ಮೇಲೆ ಹೇರಿದ್ದಾರೆ ಎಂಬುದು ಈ ಲೇಖಕನ ಅಭಿಪ್ರಾಯ. ನಮ್ಮ ಹೆಸರುಗಳು ಆ ಡಬ್ಬಿಗಳಲ್ಲಿ ಹಿಡಿಸುವಂಥವಲ್ಲ.

ವಿಳಾಸಗಳ ಗೋಜಲೂ ಕಡಿಮೆಯಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳು ಸೇರಿ ಬಿ.ಟಿ.ಎಂ. ಬಡಾವಣೆಯಾಯಿತು. ಆದರೆ ಜಯನಗರದ ಮೊದಲನೇ ಬ್ಲಾಕಿನ ಪಕ್ಕದಲ್ಲಿಯೂ ಬೈರಸಂದ್ರ ಎಂದೇ ಬರೆಯುವವರಿದ್ದಾರೆ. ಜೆ.ಪಿ. ನಗರವನ್ನು ಕೆಲವರು ಜಯಪ್ರಕಾಶ ನಗರವೆನ್ನುತ್ತಾರೆ. ಸಮನ್ಸು ಹಿಡಿದು ಬರುವ ಜಾರಿದಾರನು ಎಷ್ಟನೆಯ ಹಂತ, ಎಷ್ಟನೆಯ ಮುಖ್ಯರಸ್ತೆ, ಯಾವ ಅಡ್ಡರಸ್ತೆಯೆಂದು ಅಲೆದು, ಕೊನೆಗೆ ವಿಳಾಸದಾರರು ಸಿಗಲಿಲ್ಲವೆಂದು ಷರಾ ಬರೆದು ಹಿಂದಿರುಗಿದರೆ ಆ ದಾವೆಗೆ ಇನ್ನೊಂದು ತಾರೀಖು. ದಾವೆ ನಿಧಾನವಾಯಿತೆಂದು ನಾವು ನ್ಯಾಯಾಧೀಶರನ್ನು ದೂರುತ್ತೇವೆ.

ಇನ್ನು ಸೆರೆಮನೆಯ ಮಾತು. ಬಿ.ಟಿ.ಎಂ. ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದು ಹೋದರೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ ಸಿಗುತ್ತದೆ. ನಮ್ಮ ದೇಶದ ಸೆರೆಮನೆಗಳಲ್ಲಿರುವವರಲ್ಲಿ ಬಹುಪಾಲು ಜನ ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನರು. ನ್ಯಾಯಾಲಯವು ಜಾಮೀನು ಕೊಟ್ಟಿತೆಂದರೆ ಬಾಗಿಲು ತೆರೆಯಿತೆಂದು ನಾವು ಭಾವಿಸುತ್ತೇವೆ. ಹಾಗಲ್ಲ, ಆದೇಶವು ಸೆರೆಮನೆಯ ಕಚೇರಿಯನ್ನು ತಲುಪಬೇಕು, ಅಲ್ಲಿ ಯಾರಾದರೂ ಅದನ್ನು ಓದಬೇಕು, ಹೆಸರು ಮತ್ತು ಪ್ರಕರಣ ಸಂಖ್ಯೆ ತಾಳೆಯಾಗಬೇಕು. ಗುಜರಾತಿನಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಒಬ್ಬ ಯುವಕನ ಶಿಕ್ಷೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರಿನಲ್ಲಿ ಅಮಾನತಿನಲ್ಲಿಟ್ಟು ಬಿಡುಗಡೆಗೆ ಆದೇಶಿಸಿತು. ಆದೇಶವು ಮಿಂಚಂಚೆಯಲ್ಲಿ ಸೆರೆಮನೆಗೆ ಹೋಯಿತು. ಅದರೊಡನಿದ್ದ ಕಡತವನ್ನು ತೆರೆಯಲಾಗಲಿಲ್ಲವೆಂದು ಅಧಿಕಾರಿಗಳು ಮುಂದೆ ಹೇಳಿಕೆ ಕೊಟ್ಟರು. ಆ ಯುವಕನು ಸುಮಾರು 3 ವರ್ಷ ಹೆಚ್ಚಾಗಿ ಸೆರೆಯಲ್ಲಿಯೇ ಉಳಿದನು. 2023ರಲ್ಲಿ ಸಂಗತಿ ಬೆಳಕಿಗೆ ಬಂದಾಗ ಅದೇ ಉಚ್ಚ ನ್ಯಾಯಾಲಯವು ಸರಕಾರವು ಆತನಿಗೆ 1 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆಜ್ಞಾಪಿಸಿತು. ಕಳುಹಿಸಿದ ಆದೇಶ ಜಾರಿಯಾಯಿತೇ ಎಂದು ಪಟ್ಟಿ ಹಿಡಿದು ನೋಡುವ ಒಂದು ಜೊತೆ ಕಣ್ಣುಗಳು ನಡುವೆ ಎಲ್ಲಿಯಾದರೂ ಇದ್ದಿದ್ದರೆ ಆ 3 ವರ್ಷಗಳು ಉಳಿಯುತ್ತಿದ್ದವು.

ಸರ್ವೋಚ್ಚ ನ್ಯಾಯಾಲಯವು ಈ ಬಗೆಯ ವಿಳಂಬವನ್ನು ಗಮನಿಸಿ, ಆದೇಶಗಳನ್ನು ಸುರಕ್ಷಿತವಾಗಿ, ಶೀಘ್ರವಾಗಿ ಕಳುಹಿಸುವ ಫಾಸ್ಟರ್ ಎಂಬ ವ್ಯವಸ್ಥೆಯನ್ನು 2022ರ ಮಾರ್ಚ್ 31ರಂದು ಆರಂಭಿಸಿತು. 2023ರ ಜನವರಿ 31ರ ಆದೇಶದಲ್ಲಿ, ಜಾಮೀನು ದೊರೆತ ದಿನಾಂಕವನ್ನು ಇ-ಕಾರಾಗೃಹ ತಂತ್ರಾಂಶದಲ್ಲಿ ನಮೂದಿಸಬೇಕು, 7 ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ನಿರ್ದೇಶಿಸಿತು. ಒಳ್ಳೆಯ ಕ್ರಮ, ಸಂದೇಹವಿಲ್ಲ. ಆದರೆ ಆ ದಿನಾಂಕವನ್ನು ಯಾರೂ ತುಂಬದಿದ್ದರೆ 7 ದಿನಗಳ ಎಣಿಕೆಯೇ ಆರಂಭವಾಗುವುದಿಲ್ಲವಷ್ಟೆ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಅಪರಾಧಿಯೆನಿಸದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹನು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಈ ಲೆಕ್ಕ ಹಾಕಲು ಬಂಧನದ ದಿನಾಂಕ, ಕಲಮು, ಹಿಂದಿನ ಪ್ರಕರಣಗಳು ಮೂರೂ ಸರಿಯಿರಬೇಕು. ಕಲಮಿನ ಒಂದಂಕಿ ತಪ್ಪಾದರೆ ಅರ್ಹನು ಪಟ್ಟಿಯಿಂದಲೇ ಹೊರಗುಳಿಯುತ್ತಾನೆ, ಮತ್ತು ಹೊರಗುಳಿದದ್ದು ಅವನಿಗೆ ತಿಳಿಯುವುದೂ ಇಲ್ಲ.

ಈಗ ಪೊಲೀಸ್, ನ್ಯಾಯಾಲಯ, ಸೆರೆಮನೆ, ವಿಧಿವಿಜ್ಞಾನ ಪ್ರಯೋಗಾಲಯ, ಅಭಿಯೋಜನೆ ಈ ಐದನ್ನೂ ಒಂದೇ ಜಾಲದಲ್ಲಿ ಹೆಣೆಯುವ ಕಾರ್ಯ ನಡೆದಿದೆ. ಒಮ್ಮೆ ತುಂಬಿದ ಮಾಹಿತಿಯನ್ನು ಮತ್ತೆ ತುಂಬುವ ಅಗತ್ಯವಿರಬಾರದೆಂಬುದು ಅದರ ತತ್ತ್ವ. ಶ್ರಮ ಉಳಿಯುವುದೇನೋ ನಿಜ. ಹಿಂದೆ ಐದು ಕಚೇರಿಗಳು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಿದ್ದಾಗ ಒಂದರ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುವ ಸಂಭವವಿತ್ತು. ಈಗ ಠಾಣೆಯಲ್ಲಿ ಬಿದ್ದ ತಪ್ಪು ಐದೂ ಕಡೆ ಒಂದೇ ರೀತಿ ಕಾಣುವುದರಿಂದ ಅದೇ ಸತ್ಯವೆಂಬ ಭ್ರಮೆ ಹುಟ್ಟುತ್ತದೆ. ಗಣಕ ಹೇಳಿದ್ದೇ ಸತ್ಯವೆಂದು ನಂಬಿದರೆ ಏನಾಗಬಹುದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಸಂಗ ಸಾಕ್ಷಿ. 1999ರಿಂದ ಅಲ್ಲಿ ಬಳಕೆಗೆ ಬಂದ ಹೊರೈಜನ್ ಎಂಬ ಲೆಕ್ಕಪತ್ರ ವ್ಯವಸ್ಥೆ ಇಲ್ಲದ ಕೊರತೆಗಳನ್ನು ತೋರಿಸಿತು. 900ಕ್ಕೂ ಹೆಚ್ಚು ಮಂದಿ ಉಪ ಅಂಚೆ ಕಚೇರಿಗಳವರು ಕಳ್ಳತನ, ವಂಚನೆಗಳ ಆರೋಪದಲ್ಲಿ ಶಿಕ್ಷೆಗೊಳಗಾದರು. 2024ರಲ್ಲಿ ಅಲ್ಲಿನ ಸಂಸತ್ತು ವಿಶೇಷ ಕಾಯಿದೆಯನ್ನೇ ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು.

ನಮ್ಮ ಬೆಂಗಳೂರಿಗೇ ಸಂಬಂಧಿಸಿದ ಇನ್ನೊಂದು ಪ್ರಸಂಗವುಂಟು. 2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ತಂದೆಯ ಅರ್ಜಿ ಬಂದಿತು. ಮಗಳ ವಿವಾಹದ ಸಂಬಂಧದ ವ್ಯಾಜ್ಯವು ರಾಜಿಯಲ್ಲಿ ಮುಗಿದಿದ್ದರೂ, ಅಂತರ್ಜಾಲದಲ್ಲಿ ಆಕೆಯ ಹೆಸರನ್ನು ಹುಡುಕಿದವರಿಗೆಲ್ಲ ಹಳೆಯ ಆದೇಶವೇ ಎದುರಾಗುತ್ತಿತ್ತು. ಆಕೆಯ ಸಂಸಾರಕ್ಕೂ ಗೌರವಕ್ಕೂ ಅದರಿಂದ ಧಕ್ಕೆಯಾದೀತೆಂಬುದು ತಂದೆಯ ಅಳಲು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಅಂತರ್ಜಾಲದ ಹುಡುಕಾಟದಲ್ಲಿ ಆ ಹೆಸರು ಗೋಚರಿಸದಂತೆ ನೋಡಿಕೊಳ್ಳಬೇಕೆಂದು ಕಚೇರಿಗೆ ಸೂಚಿಸಿದರು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದೇ ಇರುತ್ತದೆಂದೂ ಸ್ಪಷ್ಟಪಡಿಸಿದರು. ಮಾಹಿತಿಯ ಶುದ್ಧಿಯೆಂದರೆ ಇರಬೇಕಾದದ್ದನ್ನು ಸರಿಯಾಗಿ ಇಡುವುದು ಮಾತ್ರವಲ್ಲ, ಎಲ್ಲಿ ಏನನ್ನು ಮರೆಯಲ್ಲಿಡಬೇಕೆಂಬ ವಿವೇಕವೂ ಹೌದು. ಲೈಂಗಿಕ ದೌರ್ಜನ್ಯಕ್ಕೊಳಗಾದವರ, ಅದರಲ್ಲಿಯೂ ಮಕ್ಕಳ ಹೆಸರು ಎಲ್ಲಿಯೂ ಹೊರಬೀಳದಂತೆ ಕಾಯುವುದು ಕಾನೂನಿನ ಕಟ್ಟಳೆ. ಯಂತ್ರಕ್ಕೆ ಈ ಸಂಕೋಚ ತಾನಾಗಿ ಬಾರದು.

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ದಕ್ಷ್ ಎಂಬ ಸಂಸ್ಥೆಯು ನ್ಯಾಯಾಲಯಗಳ ಅಂಕಿ-ಅಂಶಗಳನ್ನು ಕಲೆಹಾಕಿ 2016ರಲ್ಲಿ ಭಾರತೀಯ ನ್ಯಾಯಾಂಗದ ಸ್ಥಿತಿಗತಿಯ ವರದಿಯೊಂದನ್ನು ಪ್ರಕಟಿಸಿತು. ಇಂಥ ಅಧ್ಯಯನಕಾರರು ಹೊರಗಿನಿಂದ ಬಂದು ನೋಡಿದಾಗಲೇ ಒಳಗಿನವರ ಕಣ್ಣಿಗೆ ಬೀಳದ ವಿಷಯಗಳು ಕಾಣುತ್ತವೆ: ಒಂದೇ ಹಂತಕ್ಕೆ ಒಂದೊಂದು ನ್ಯಾಯಾಲಯದಲ್ಲಿ ಒಂದೊಂದು ಹೆಸರು, ಒಂದೇ ಬಗೆಯ ಅರ್ಜಿಗೆ ಹಲವು ಸಂಕೇತಗಳು. ಹೋಲಿಸುವುದಾದರೂ ಹೇಗೆ? ಇದಕ್ಕೆ ಪರಿಹಾರವೆಂದು ಕೆಲವರು ಎಲ್ಲ ಅಂಕಣಗಳನ್ನೂ ಕಡ್ಡಾಯಗೊಳಿಸಿಬಿಡುವ ಸಲಹೆ ಕೊಡುತ್ತಾರೆ. ಇದು ಸರಿಯೆಂದು ತೋರುವುದಿಲ್ಲ. ತಿಳಿಯದ್ದನ್ನು ಖಾಲಿ ಬಿಡಲು ಅವಕಾಶವಿಲ್ಲದಿದ್ದರೆ ಗುಮಾಸ್ತನು ಏನನ್ನಾದರೂ ತುಂಬಿ ಮುಂದೆ ಹೋಗುತ್ತಾನೆ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಸುಳ್ಳು ಬೀಳುವುದಿಲ್ಲ.

ಈ ಕೆಲಸಕ್ಕೆ ಬರಬಯಸುವ ಯುವಕ ಯುವತಿಯರಿಗೆ ಗಣಕದ ಪದವಿಯೊಂದೇ ಸಾಲದು. ದಾವೆಗೂ ಅಮಲ್ಜಾರಿ ಅರ್ಜಿಗೂ ಇರುವ ಅಂತರ, ಡಿಕ್ರಿಗೂ ಆದೇಶಕ್ಕೂ ಇರುವ ಅಂತರ ತಿಳಿದಿರಬೇಕು. ಕನ್ನಡದ ಕಡತವನ್ನು ಸರಾಗವಾಗಿ ಓದಬಲ್ಲವರಾಗಿರಬೇಕು. ಹಳೆಯ ಕೈಬರಹವನ್ನು ಬಿಡಿಸುವ ತಾಳ್ಮೆ ಬೇಕು. ಶಿರಸ್ತೇದಾರರಂಥ ಅನುಭವಿಗಳ ಬಳಿ ಕುಳಿತು ಕೇಳುವ ವಿನಯವಿದ್ದರೆ ಅರ್ಧ ವಿದ್ಯೆ ಅಲ್ಲಿಯೇ ದೊರೆಯುತ್ತದೆ. ಖಾಸಗಿ ಸಂಸ್ಥೆಗಳ ಸಂಬಳಕ್ಕೆ ಒಗ್ಗಿದ ನಮ್ಮ ಬಡಾವಣೆಗಳ ಮಕ್ಕಳು ಇತ್ತ ಮುಖ ಮಾಡುವುದು ಕಡಿಮೆಯೆಂಬುದು ನಿಜವಾದರೂ, ಮುಖ ಮಾಡಿದವರು ಮಾಡುವುದು ಸಣ್ಣ ಕೆಲಸವಲ್ಲ.

ಓದುಗರ ಮನೆಯಲ್ಲಿ ಯಾವುದಾದರೂ ಪ್ರಕರಣ ನಡೆಯುತ್ತಿದ್ದರೆ, ಸಿ.ಎನ್.ಆರ್. ಸಂಖ್ಯೆಯನ್ನು ವಕೀಲರಿಂದ ಕೇಳಿ ಪಡೆದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಇ-ನ್ಯಾಯಾಲಯ ಸೇವೆಯಲ್ಲಿ ಆ ಸಂಖ್ಯೆಯನ್ನು ಕೊಟ್ಟು, ತಮ್ಮ ಹೆಸರು ಆಧಾರ್ ಕಾರ್ಡಿನಲ್ಲಿರುವಂತೆಯೂ ಆಸ್ತಿ ಪತ್ರದಲ್ಲಿರುವಂತೆಯೂ ಇದೆಯೇ, ಹಂತ ಮತ್ತು ದಿನಾಂಕ ಸರಿಯಿವೆಯೇ ಎಂದು ನೋಡಬೇಕು. ಮೊಬೈಲಿನಲ್ಲಿ ಇದನ್ನು ಮಾಡಲಾಗದ ಹಿರಿಯರಿಗೆ ನ್ಯಾಯಾಲಯಗಳಲ್ಲಿ ತೆರೆದಿರುವ ಇ-ಸೇವಾ ಕೇಂದ್ರಗಳಲ್ಲಿ ನೆರವು ದೊರೆಯುತ್ತದೆ. ತಪ್ಪು ಕಂಡರೆ ವಕೀಲರ ಮೂಲಕ ಸಂಬಂಧಿಸಿದ ನ್ಯಾಯಾಲಯಕ್ಕೆ ಮೆಮೊ ಸಲ್ಲಿಸಿ ತಿದ್ದುಪಡಿ ಕೋರಬಹುದು. ತೀರ್ಪಿನ ಹೊತ್ತಿಗೆ ಕಾಯದೆ, ಸಾಕ್ಷ್ಯ ಆರಂಭವಾಗುವ ಮೊದಲೇ ಇದನ್ನು ಮಾಡಿದರೆ ಡಿಕ್ರಿಯಲ್ಲಿ ತಪ್ಪು ಹೆಸರು ಬಂದು, ಖಾತೆ ಬದಲಾವಣೆಯ ಸಮಯದಲ್ಲಿ ಪುನಃ ಅಲೆಯುವುದು ತಪ್ಪುತ್ತದೆ.