ಇಪ್ಪತ್ನಾಲ್ಕು ಗಂಟೆಗಳ ಪರೀಕ್ಷೆ: ಸಹನಶಕ್ತಿ ಕಾರು ಓಟದ ಹೊಸ ಋತುವಿಗೆ ಮುನ್ನ

2016ರ ಜೂನ್ 19. ಫ್ರಾನ್ಸಿನ ಲ ಮಾನ್ ಪಟ್ಟಣದ ಓಟದ ಪಥ. ಇಪ್ಪತ್ತಮೂರು ಗಂಟೆ ಐವತ್ತು ನಿಮಿಷಗಳಿಗೂ ಹೆಚ್ಚು ಕಾಲ ಓಡಿದ್ದ ಟೊಯೋಟಾ ಕಾರು ಎಲ್ಲರಿಗಿಂತ ಮುಂದಿತ್ತು. ಉಳಿದಿದ್ದುದು ಸುಮಾರು ಮೂರು ನಿಮಿಷ. ಇದ್ದಕ್ಕಿದ್ದಂತೆ ಕಾರು ಬಲ ಕಳೆದುಕೊಂಡು ಪ್ರೇಕ್ಷಕರ ಕಣ್ಣೆದುರೇ ನಿಂತುಬಿಟ್ಟಿತು. ಹಿಂದಿದ್ದ ಪೋರ್ಷ ಗೆದ್ದಿತು. ಕಾರಣವೇನು ಗೊತ್ತೆ? ಟರ್ಬೊಚಾರ್ಜರ್‌ಗೂ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೂ ನಡುವೆ ಇದ್ದ ಒಂದು ಜೋಡಣೆಯ ದೋಷ!

ಕಾರು ಓಟವೆಂದರೆ ಬರಿಯ ವೇಗ ಎಂದು ನೀವು ಭಾವಿಸಿದ್ದರೆ ಈ ಘಟನೆ ಬೇರೆಯೇ ಪಾಠ ಹೇಳುತ್ತದೆ. ಪ್ರತಿ ವರ್ಷ ಜನವರಿಯ ಕೊನೆಗೆ ಅಮೆರಿಕದ ಡೇಟೋನಾದಲ್ಲಿ 24 ಗಂಟೆಗಳ ಓಟ ನಡೆಯುತ್ತದೆ. ಅಲ್ಲಿಂದ ಹೊಸ ಋತು ಬಿರುಸಾಗುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನ ಹೆಚ್ಚಿನ ಓಟಗಳು 6ರಿಂದ 10 ಗಂಟೆಗಳವು. ಜೂನ್‌ನಲ್ಲಿ ನಡೆಯುವ ಲ ಮಾನ್ ಮಾತ್ರ 24 ಗಂಟೆಗಳದ್ದು. ಈ ಓಟಗಳನ್ನು ನೋಡುವಾಗ ನಾವು ಗಮನಿಸಬೇಕಾದ ವಿಜ್ಞಾನವೇನು?

ಎಷ್ಟು ದೂರ, ಎಷ್ಟು ಅಂತರ?

ಲ ಮಾನ್ ಪಥದ ಒಂದು ಸುತ್ತು 13.626 ಕಿಮೀ. 2025ರಲ್ಲಿ ಗೆದ್ದ ಫೆರಾರಿ ಕಾರು 387 ಸುತ್ತು ಹಾಕಿತು. ಗುಣಿಸಿ ನೋಡಿ: ಸುಮಾರು 5,270 ಕಿಮೀ. ಭೂಮಧ್ಯರೇಖೆಯ ಸುತ್ತಳತೆಯ ಎಂಟನೆಯ ಒಂದು ಭಾಗಕ್ಕೂ ಹೆಚ್ಚು! ಇಂಧನ ತುಂಬಿಸಲು, ಟೈರ್ ಬದಲಿಸಲು ನಿಂತ ಹೊತ್ತನ್ನೂ ಸೇರಿಸಿ ಸರಾಸರಿ ವೇಗ ಗಂಟೆಗೆ 219 ಕಿಮೀ ದಾಟುತ್ತದೆ. ಇಷ್ಟೆಲ್ಲ ಓಡಿದ ಮೇಲೆ ಮೊದಲ ಎರಡು ಕಾರುಗಳ ನಡುವೆ ಉಳಿದ ಅಂತರ ಸುಮಾರು 14 ಸೆಕೆಂಡು. 2024ರಲ್ಲಿಯೂ ಅಂತರ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಂದು ಟೈರ್ ಬದಲಾವಣೆ ತಡವಾದರೂ ಸಾಕು, ಫಲಿತಾಂಶ ಬದಲಾದೀತು.

ಬ್ರೇಕಿನಲ್ಲಿ ಕುದಿಯುವ ನೀರು

ಚಾಲಕ, ಇಂಧನ ಸೇರಿ 1,100 ಕಿಗ್ರಾಂ ತೂಗುವ ಕಾರೊಂದು ಗಂಟೆಗೆ 320 ಕಿಮೀ ವೇಗದಿಂದ 100 ಕಿಮೀಗೆ ಇಳಿಯಿತೆನ್ನಿ. ಚಲನಶಕ್ತಿಯ ಸೂತ್ರ ನಿಮಗೆ ಗೊತ್ತು: ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಲೆಕ್ಕ ಹಾಕಿದರೆ ಕಾರು ಕಳೆದುಕೊಳ್ಳುವ ಶಕ್ತಿ ಸುಮಾರು 3.9 ಮೆಗಾಜೂಲ್. ಇಷ್ಟು ಶಕ್ತಿ ಇದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 12 ಲೀಟರ್ ನೀರು ಕುದಿಯುವ ಹಂತಕ್ಕೆ ಬರುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ, ಪ್ರತಿ ಸುತ್ತಿನಲ್ಲಿ ಹಲವು ಬಾರಿ. ರಾತ್ರಿಯ ಹೊತ್ತು ಬ್ರೇಕಿನ ಕಾರ್ಬನ್ ಬಿಲ್ಲೆಗಳು ಕೆಂಡದಂತೆ ಹೊಳೆಯುವುದು ಇದರಿಂದಲೇ.

ಹೀಗೆ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಮರಳಿ ಪಡೆಯುವುದೇ ಹೈಬ್ರಿಡ್ ತಂತ್ರ. ಬ್ರೇಕ್ ಒತ್ತಿದಾಗ ವಿದ್ಯುತ್ ಮೋಟರು ಜನಕದಂತೆ ತಿರುಗಿ ಬ್ಯಾಟರಿ ತುಂಬಿಸುತ್ತದೆ. ಆದರೆ 200 ಕಿಲೋವಾಟ್ ಮೋಟರು 3 ಸೆಕೆಂಡಿನಲ್ಲಿ ಸಂಗ್ರಹಿಸಬಲ್ಲುದು ಹೆಚ್ಚೆಂದರೆ 0.6 ಮೆಗಾಜೂಲ್. ಉಳಿದುದೆಲ್ಲ ಬಿಲ್ಲೆಗಳಿಗೆ, ಗಾಳಿಗೆ.

ಶಕ್ತಿಯೇ ಇಲ್ಲಿ ನಾಣ್ಯ

ಮೇಲ್ದರ್ಜೆಯ 'ಹೈಪರ್‌ಕಾರ್' ವರ್ಗದಲ್ಲಿ ಎಂಜಿನ್, ಮೋಟರು ಎರಡೂ ಸೇರಿ ಚಕ್ರಗಳಿಗೆ ಕೊಡಬಹುದಾದ ಸಾಮರ್ಥ್ಯ ಸುಮಾರು 500 ಕಿಲೋವಾಟ್, ಎಂದರೆ 670 ಅಶ್ವಸಾಮರ್ಥ್ಯ. ಚಕ್ರಗಳನ್ನು ತಿರುಗಿಸುವ ದಂಡಗಳಲ್ಲಿ ಸಂವೇದಕಗಳಿದ್ದು, ತಿರುಚುಬಲವನ್ನು ಅಳೆಯುತ್ತಲೇ ಇರುತ್ತವೆ. ಒಂದು ನಿಲುಗಡೆಯಿಂದ ಮುಂದಿನದರವರೆಗೆ ಕಾರು ಎಷ್ಟು ಮೆಗಾಜೂಲ್ ಬಳಸಬಹುದೆಂಬುದಕ್ಕೂ ಮಿತಿ ಇದೆ.

ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು; ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು. ಆದ್ದರಿಂದ ಜಾಣ ಚಾಲಕ ತಿರುವಿಗೆ ಸ್ವಲ್ಪ ಮುಂಚೆಯೇ ಪೆಡಲಿನಿಂದ ಕಾಲು ತೆಗೆದು ಕಾರನ್ನು ತೇಲಲು ಬಿಡುತ್ತಾನೆ. ಪ್ರತಿ ಸುತ್ತಿನಲ್ಲಿ ಕಳೆದುಕೊಳ್ಳುವುದು ಸ್ವಲ್ಪ ಸಮಯ; ಆದರೆ ಉಳಿದ ಶಕ್ತಿಯಿಂದ ಇನ್ನೊಂದು ಸುತ್ತು ಹೆಚ್ಚು ಓಡಿ, ಕೊನೆಗೆ ಒಂದು ನಿಲುಗಡೆಯನ್ನೇ ತಪ್ಪಿಸಬಹುದು. ನಿಧಾನವಾಗಿ ಓಡಿಯೂ ಗೆಲ್ಲುವ ವಿಚಿತ್ರ ಇದು!

ಓಟದಿಂದ ರಸ್ತೆಗೆ

1953ರಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್‌ಗಳೊಂದಿಗೆ ಲ ಮಾನ್ ಗೆದ್ದಿತು. ಇಂದು ನಮ್ಮ ಮೋಟರ್‌ಸೈಕಲ್‌ಗಳಲ್ಲಿಯೂ ಡಿಸ್ಕ್ ಬ್ರೇಕ್ ಇದೆ. 2006ರಲ್ಲಿ ಆಡಿಯ ಡೀಸೆಲ್ ಕಾರು, 2012ರಲ್ಲಿ ಅದೇ ಸಂಸ್ಥೆಯ ಹೈಬ್ರಿಡ್ ಕಾರು ಅಲ್ಲಿ ಮೊದಲ ಬಾರಿಗೆ ಗೆದ್ದವು. 2022ರಿಂದ ದ್ರಾಕ್ಷಾರಸ ತಯಾರಿಕೆಯಲ್ಲಿ ಉಳಿಯುವ ತ್ಯಾಜ್ಯದಿಂದ ಮಾಡಿದ ಇಂಧನ ಬಳಕೆಗೆ ಬಂದಿತು. ಹೈಡ್ರೊಜನ್ ಕಾರುಗಳ ಯೋಜನೆಯೂ ಇದೆ. ಆದರೆ ಅದರ ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿದೆ. ಹಗುರವಾದ ಈ ಅನಿಲವನ್ನು ಕಡಿಮೆ ಜಾಗದಲ್ಲಿ ಸುರಕ್ಷಿತವಾಗಿ ತುಂಬಿಡುವುದು ಸುಲಭವಲ್ಲ.

ಕಲಿಕೆಗೆ ತೆತ್ತ ಬೆಲೆಯೂ ದೊಡ್ಡದು. 1955ರಲ್ಲಿ ಕಾರೊಂದು ಪ್ರೇಕ್ಷಕರತ್ತ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಆರು ಕಿಮೀ ನೇರ ರಸ್ತೆಯಲ್ಲಿ ವೇಗ ಮಿತಿಮೀರಿದಾಗ 1990ರಲ್ಲಿ ಅಲ್ಲಿ ಎರಡು ಕಡೆ ಕೃತಕ ತಿರುವುಗಳನ್ನು ಹಾಕಲಾಯಿತು. ಮನುಷ್ಯನ ದಣಿವಿಗೂ ನಿಯಮವಿದೆ. ಒಂದು ಕಾರಿಗೆ ಸಾಮಾನ್ಯವಾಗಿ ಮೂವರು ಚಾಲಕರು. ಲ ಮಾನ್‌ನಲ್ಲಿ ಯಾರೂ ಯಾವುದೇ ಆರು ಗಂಟೆಗಳಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟು ಹದಿನಾಲ್ಕು ಗಂಟೆಗಿಂತ ಹೆಚ್ಚು ಕಾರು ನಡೆಸುವಂತಿಲ್ಲ.

ಮುಂದೆ ಏನು?

2023ರಿಂದ 2025ರವರೆಗೆ ಮೂರು ವರ್ಷವೂ ಲ ಮಾನ್ ಗೆದ್ದುದು ಫೆರಾರಿ. 2025ರ ಬಳಿಕ ಪೋರ್ಷ ಸಂಸ್ಥೆಯ ಅಧಿಕೃತ ತಂಡ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹಿಂದೆ ಸರಿಯಿತು. ದಕ್ಷಿಣ ಕೊರಿಯದ ಜೆನೆಸಿಸ್ 2026ನ್ನೂ, ಫೋರ್ಡ್ ಮತ್ತು ಮ್ಯಾಕ್ಲಾರೆನ್ 2027ನ್ನೂ ತಮ್ಮ ಪ್ರವೇಶದ ವರ್ಷವೆಂದು ಘೋಷಿಸಿದವು. ಹೊಸ ಕಾರು ವೇಗವಾಗಿ ಓಡುವುದು ಆಶ್ಚರ್ಯವಲ್ಲ. ಅದರ ಸಾವಿರಾರು ಭಾಗಗಳು ನಡುರಾತ್ರಿಯ ಚಳಿ, ಮಳೆ, ಕಂಪನಗಳನ್ನು ತಾಳಿ ಬೆಳಗಿನವರೆಗೂ ಒಂದಾಗಿ ಕೆಲಸ ಮಾಡುವವೆ ಎಂಬುದೇ ಪ್ರಶ್ನೆ. ಮುಂದಿನ ಸಲ ದೂರದರ್ಶನದಲ್ಲಿ ಈ ಓಟ ಕಂಡರೆ ಮುಂದಿರುವ ಕಾರನ್ನಷ್ಟೇ ನೋಡಬೇಡಿ. ಯಾವ ಕಾರು ಎಷ್ಟು ಬಾರಿ ನಿಂತಿತು ಎಂಬುದನ್ನು ಎಣಿಸಿ. ಗೆಲ್ಲುವವರು ಯಾರೆಂಬ ಸುಳಿವು ಅಲ್ಲಿಯೇ ಸಿಕ್ಕೀತು.