ಹೊಸ್ತಿಲ ರಂಗೋಲಿಗೆ ವಾರ್ನಿಷ್ ರಕ್ಷಣೆ



ಹಬ್ಬಕ್ಕೆಂದು ಹೊಸ್ತಿಲಿಗೆ ಕೆಂಪು ಎನಾಮೆಲ್ ಬಳಿದು, ಅದರ ಮೇಲೆ ಬಿಳಿ, ಹಳದಿ ಬಣ್ಣದಲ್ಲಿ ರಂಗೋಲಿ ಬರೆಯುತ್ತೇವೆ. ದಿನಾ ತೊಳೆದು ಒರೆಸಿ ಅರಿಶಿನ ಕುಂಕುಮ ಇಡುವುದರಿಂದ ಕೆಲವೇ ತಿಂಗಳಲ್ಲಿ ಎಳೆಗಳು ಮಾಸುತ್ತವೆ. ಬಣ್ಣದ ಮೇಲೆ ಕ್ಲಿಯರ್ ವಾರ್ನಿಷ್ ಹಚ್ಚಿದರೆ ಸವೆತವನ್ನು ಅದು ತಡೆದುಕೊಳ್ಳುತ್ತದೆ, ಕೆಳಗಿನ ಬಣ್ಣ ಉಳಿಯುತ್ತದೆ. ಆದರೆ ದನಕರು ಇರುವ ಮನೆಯಲ್ಲಿ ಈ ಕೆಲಸಕ್ಕೆ ಸ್ವಲ್ಪ ಹೆಚ್ಚು ಎಚ್ಚರ ಬೇಕು.

ಯಾವುದನ್ನು ಕೊಳ್ಳಬೇಕು?

ಎನಾಮೆಲ್ ಮೇಲೆ ಪಾಲಿಯುರೆಥೇನ್ (ಪಿ.ಯು.) ಕ್ಲಿಯರ್ ವಾರ್ನಿಷ್ ಗಟ್ಟಿಯಾಗಿ ನಿಲ್ಲುತ್ತದೆ. ಎಣ್ಣೆ ಆಧಾರಿತ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ ಬಿಳಿ ಬಣ್ಣ ಹೆಚ್ಚಿರುವ ಕಡೆ ನೀರು ಆಧಾರಿತ ವಾರ್ನಿಷ್ ಒಳ್ಳೆಯದು. ಬಿಸಿಲು ಬೀಳುವ ಬಾಗಿಲಿಗೆ ಹೊರಾಂಗಣದ್ದನ್ನೇ ಕೇಳಿ. ಎನ್.ಸಿ. ಲ್ಯಾಕರ್ ಬೇಡ, ಅದರ ಥಿನ್ನರ್ ಎನಾಮೆಲನ್ನು ಸುಕ್ಕುಗಟ್ಟಿಸುತ್ತದೆ. ಹೊಸ್ತಿಲಿಗೆ ಮಾತ್ರವಾದರೆ ಚಿಕ್ಕ ಡಬ್ಬಿ ಸಾಕು. ಮೆಟ್ಟಿಲಿಗೆ ಹಚ್ಚಬೇಡಿ. ನೀರು ಬಿದ್ದರೆ ಜಾರುತ್ತದೆ, ಕೈಯಲ್ಲಿ ಹಾಲಿನ ಕ್ಯಾನ್ ಇರುತ್ತದೆ.

ಹಚ್ಚುವ ಕ್ರಮ

1. ಬಣ್ಣ ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ಪೂರ್ತಿ ಒಣಗಿದೆ ಎಂದಲ್ಲ. ಒಂದು ವಾರ ಬಿಡಿ.
2. ಸೋಪಿನ ನೀರಿನಿಂದ ಎಣ್ಣೆ, ಕುಂಕುಮ ತೊಳೆದು ಚೆನ್ನಾಗಿ ಒಣಗಿಸಿ. ಮರದಲ್ಲಿ ತೇವ ಉಳಿದರೆ ವಾರ್ನಿಷ್ ಸಿಪ್ಪೆಯಂತೆ ಏಳುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡ.
3. 320 ನಂಬರಿನ ಉಪ್ಪು ಕಾಗದದಿಂದ ಹೊಳಪು ಹೋಗುವಷ್ಟೇ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ.
4. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆ ಏಳುತ್ತವೆ. ಕಡ್ಡಿಯಿಂದ ನಿಧಾನವಾಗಿ ಕಲಕಿ.
5. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಬಣ್ಣ ಕರಗದಿದ್ದರೆ ಮುಂದುವರಿಸಿ.
6. ದಪ್ಪನೆಯ ಒಂದು ಕೋಟ್ ಬದಲು ತೆಳುವಾಗಿ ಎರಡು ಕೋಟ್ ಹಚ್ಚಿ. ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ.

ಹಾಲು, ಹುಲ್ಲು ಮತ್ತು ಹಸು

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಾಗಾಗಿ ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದ ಮೇಲೆಯೇ ಡಬ್ಬಿ ತೆರೆಯಿರಿ. ಸಂಜೆ ಕರೆಯುವ ಮುನ್ನ ಸೋಪಿನಿಂದ ಕೈ ತೊಳೆದು ಸೀರೆ ಬದಲಿಸಿ. ಹಾಲಿನ ಪಾತ್ರೆ, ಕ್ಯಾನ್‌ಗಳನ್ನು ದೂರ ಇಡಿ.

ಹಸಿ ಹುಲ್ಲನ್ನು ಒಟ್ಟಿದರೆ ಬಣವೆಯೊಳಗೆ ಕಾವು ಏರುವುದು ನಮಗೆ ಗೊತ್ತು. ಎಣ್ಣೆ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೂ ಹಾಗೆಯೇ ಕಾವೇರಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹುಲ್ಲಿನಿಂದ ದೂರ, ಬಯಲಿನಲ್ಲಿ ಬಿಡಿಸಿ ಒಣಗಿಸಿ. ಟರ್ಪೆಂಟೈನ್ ಒಲೆಯ ಹತ್ತಿರ ಬರಕೂಡದು.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಸ. ಹಳೆಯ ಬಣ್ಣಗಳಲ್ಲಿ ಸೀಸ ಹೆಚ್ಚಾಗಿರಬಹುದು. 2017ರ ನವೆಂಬರ್ 1ರಿಂದ ಮನೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಕೊಳ್ಳುವಾಗ ಲೇಬಲ್ ನೋಡಿ. ದನಗಳು, ಅದರಲ್ಲೂ ಕರುಗಳು, ಬಣ್ಣದ ಚಕ್ಕೆ ಮತ್ತು ಖಾಲಿ ಡಬ್ಬಿಗಳನ್ನು ನೆಕ್ಕುತ್ತವೆ. ಸೀಸ ಹೊಟ್ಟೆ ಸೇರಿದರೆ ಹಸು ಹಲ್ಲು ಕಡಿಯುತ್ತದೆ, ಕಣ್ಣು ಕಾಣದೆ ತಡವರಿಸುತ್ತದೆ, ಸಾಯಲೂಬಹುದು. ಸೀಸ ಹಾಲಿಗೂ ಇಳಿಯುತ್ತದೆ. ಅಂಥ ಲಕ್ಷಣ ಕಂಡರೆ ಹಾಲನ್ನು ಬಳಸದೆ, ಡೇರಿಗೂ ಹಾಕದೆ, ಕೂಡಲೇ ಪಶುವೈದ್ಯರನ್ನು ಕರೆಸಿ.

ಆದ್ದರಿಂದ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ನೀರು ಹಚ್ಚಿ ಉಜ್ಜಿ, ಬಿದ್ದ ಚಕ್ಕೆಗಳನ್ನೆಲ್ಲ ಬಳಿದು ತೆಗೆಯಿರಿ, ತಿಪ್ಪೆಗೆ ಹಾಕಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಗೋದಲಿಗೂ ದನ ಕಟ್ಟುವ ಕಂಬಕ್ಕೂ ಬಣ್ಣವೂ ಬೇಡ, ವಾರ್ನಿಷ್ಷೂ ಬೇಡ. ದನದ ನಾಲಿಗೆಯ ಮುಂದೆ ಯಾವ ಕೋಟೂ ನಿಲ್ಲುವುದಿಲ್ಲ.

ಇಷ್ಟು ಎಚ್ಚರ ವಹಿಸಿದರೆ ನಿಮ್ಮ ಕೈಯ ರಂಗೋಲಿ ಮುಂದಿನ ಹಬ್ಬಕ್ಕೂ ಹೊಸ್ತಿಲ ಮೇಲಿರುತ್ತದೆ, ಕೊಟ್ಟಿಗೆಯೂ ಕ್ಷೇಮವಾಗಿರುತ್ತದೆ.