ಹಳೆಯ ಕಾರಿನ ಎಂಜಿನ್ ಕವಚದ ಪರೀಕ್ಷೆ: ಬೆಂಗಳೂರಿನ ಡಾಲ್ಫಿನ್ ಕಾರನ್ನು ಕುರಿತು

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಮೋಟಾರು ಎಂಜಿನ್ನಿನ ವಿಚಾರವೇಕೆಂದು ಕೆಲವು ವಾಚಕರು ಕೇಳಬಹುದು. ಶಾಸನದ ಕಲ್ಲನ್ನು ಉಜ್ಜಿ ತೊಳೆಯುವ ಮೊದಲು ಅದರ ಬಿರುಕು, ಸವೆದ ಅಕ್ಷರ, ಅಂಟಿದ ಸುಣ್ಣ ಇವೆಲ್ಲವನ್ನೂ ಗುರುತು ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಹಳೆಯ ಎಂಜಿನ್ನನ್ನು ಪುನಃ ಕಟ್ಟುವವನಿಗೂ ಅದೇ ಎಚ್ಚರ ಅವಶ್ಯ. ಯಂತ್ರಕ್ಕೆ ಕೊಟ್ಟು ಒಮ್ಮೆ ಹೆರೆದ ಲೋಹವು ಮರಳಿ ಬಾರದು. ಅದರ ಮೇಲಿದ್ದ ಸಾಕ್ಷ್ಯವೂ ಹಾಗೆಯೇ.

ಬೆಂಗಳೂರಿನ ಸಿಪಾನಿ ಸಂಸ್ಥೆಯು 1982ರಲ್ಲಿ ಡಾಲ್ಫಿನ್ ಎಂಬ ಚಿಕ್ಕ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯೆಂಟ್ ಕಂಪನಿಯ ಕಿಟನ್ ಕಾರೇ ಇದಕ್ಕೆ ಮೂಲ. ಒಡಲು ಗಾಜುನಾರಿನದು, 848 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನು ಅಲ್ಯುಮಿನಿಯಂ ಎರಕದ್ದು. ರಿಲಯೆಂಟ್ ಕಂಪನಿಯು ಈ ವಂಶದ ಎಂಜಿನ್ನನ್ನು 1962ರಲ್ಲಿಯೇ ಬಳಕೆಗೆ ತಂದಿತ್ತು. ಈಗ ಈ ಎಂಜಿನ್ ಎಲ್ಲಿಯೂ ತಯಾರಾಗುತ್ತಿಲ್ಲವಾದ್ದರಿಂದ, ಕೆಟ್ಟ ಕವಚಕ್ಕೆ ಬದಲಾಗಿ ಮತ್ತೊಂದು ಹಳೆಯ ಕವಚವನ್ನೇ ಹುಡುಕಬೇಕಾಗುತ್ತದೆ.

ಅಂಬಾಸಿಡರ್ ಹಾಗೂ ಪ್ರೀಮಿಯರ್ ಪದ್ಮಿನಿ ಕಾರುಗಳ ಕವಚ ಬೀಡುಕಬ್ಬಿಣದ್ದು. ಅವುಗಳ ಸಿಲಿಂಡರುಗಳು ಕವಚದಲ್ಲಿಯೇ ಕೊರೆದಂಥವು. ನಮ್ಮ ಮೆಕ್ಯಾನಿಕ್ಕುಗಳ ಕೈಪಳಗಿರುವುದು ಇವುಗಳಲ್ಲಿ. ಡಾಲ್ಫಿನ್ನಿನಲ್ಲಾದರೋ ಪ್ರತಿ ಸಿಲಿಂಡರೂ ಬೇರೆಯಾಗಿ ಕೂರಿಸಿದ ಕಬ್ಬಿಣದ ಲೈನರು. ಅದರ ಹೊರಮೈಯನ್ನು ತಂಪಿನ ನೀರು ನೇರವಾಗಿ ಮುಟ್ಟುತ್ತದೆ. ಈ ಒಂದು ಭೇದದಿಂದ ಪರೀಕ್ಷೆಯ ಕ್ರಮವೆಲ್ಲ ಬೇರೆಯಾಗುತ್ತದೆ. ಇದನ್ನು ಅರಿಯದೆ ಕಬ್ಬಿಣದ ಎಂಜಿನ್ನಿನ ಪದ್ಧತಿಯನ್ನೇ ಅನುಸರಿಸಿದರೆ ಮೊದಲ ದಿನವೇ ಕವಚ ಹಾಳಾಗಬಹುದು. ಕಬ್ಬಿಣದ ಕವಚವನ್ನು ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುವುದುಂಟು. ಆ ದ್ರಾವಣವು ಅಲ್ಯುಮಿನಿಯಮ್ಮನ್ನು ಕರಗಿಸುತ್ತದೆ. ಹಾಗೆ ತೊಳೆದ ಕವಚವೊಂದನ್ನು ನಾನು ಕಂಡಿದ್ದೇನೆ: ಮೈಯೆಲ್ಲ ಕಪ್ಪಿಟ್ಟು, ಗ್ಯಾಸ್ಕೆಟ್ ಕೂರುವ ಅಂಚು ತರಿತರಿಯಾಗಿತ್ತು. ಸೀಮೆಎಣ್ಣೆ, ಮೆದು ಕುಂಚ, ಮರದ ಚಕ್ಕೆ ಇಷ್ಟಿದ್ದರೆ ಸಾಕು.

ತೊಳೆಯುವುದಕ್ಕೂ ಮೊದಲು ನೋಡತಕ್ಕದ್ದು ಎಣ್ಣೆಯ ಬಣ್ಣ. ಹಾಲು ಬೆರೆಸಿದ ಕಾಫಿಯಂತಿದ್ದರೆ ಅದರಲ್ಲಿ ನೀರು ಸೇರಿದೆಯೆಂದರ್ಥ. ಅನಂತರ ಲೈನರುಗಳನ್ನು, ಯಾವುದು ಯಾವ ಸ್ಥಾನದ್ದು, ಯಾವ ಮುಖ ಮುಂದಕ್ಕಿತ್ತು ಎಂದು ಗುರುತಿಟ್ಟು ಹೊರತೆಗೆದು, ಅವು ಕುಳಿತಿದ್ದ ಪೀಠಗಳನ್ನು ಪರೀಕ್ಷಿಸಬೇಕು. ಈ ಎಂಜಿನ್ನಿನ ಮರ್ಮಸ್ಥಾನ ಇದೇ. ಕಬ್ಬಿಣ, ಅಲ್ಯುಮಿನಿಯಂ ಎರಡೂ ಲವಣಯುಕ್ತ ನೀರಿನಲ್ಲಿ ಒಟ್ಟಿಗಿದ್ದರೆ ವಿದ್ಯುತ್ಕೋಶದಂತೆ ವರ್ತಿಸಿ, ಅಲ್ಯುಮಿನಿಯಂ ಸವೆಯುತ್ತದೆ. ಕೊಳವೆ ಬಾವಿಯ ಗಡಸು ನೀರನ್ನೇ ರೇಡಿಯೇಟರಿಗೆ ತುಂಬುವ ಅಭ್ಯಾಸ ನಮ್ಮ ಊರಿನಲ್ಲಿ ಸಾಮಾನ್ಯ. ಆದುದರಿಂದ ಪೀಠದಲ್ಲಿ ಬಿಳಿಯ ಹುಡಿ, ಅದರಡಿಯಲ್ಲಿ ಕುಳಿ ಕಂಡರೆ ಆಶ್ಚರ್ಯವಿಲ್ಲ. ಕುಳಿಯ ಆಳವನ್ನು ಅಳೆಯದೆ ಹೊಸ ಲೈನರನ್ನು ಕೂರಿಸಿದರೆ ನೀರು ಮತ್ತೆ ಎಣ್ಣೆಗೆ ಇಳಿಯುತ್ತದೆ. ಕೂರಿಸಿದ ಲೈನರು ಕವಚದ ಮೇಲ್ಮೈಯಿಂದ ಎಷ್ಟು ಎದ್ದಿದೆ ಎಂಬುದನ್ನೂ ಡಯಲ್ ಗೇಜಿನಿಂದ ನೋಡಿ, ತಯಾರಕರ ಪುಸ್ತಕದೊಡನೆ ಹೋಲಿಸಬೇಕು.

ಬಿರುಕಿನ ಶೋಧನೆಯಲ್ಲಿಯೂ ಇದೇ ಭೇದ. ಬೀಡುಕಬ್ಬಿಣಕ್ಕೆ ಅಯಸ್ಕಾಂತವನ್ನು ಹಿಡಿದು ಕಬ್ಬಿಣದ ಪುಡಿ ಎರಚಿದರೆ ಬಿರುಕಿನ ಉದ್ದಕ್ಕೂ ಪುಡಿ ನಿಲ್ಲುತ್ತದೆ; ಅಲ್ಯುಮಿನಿಯಮ್ಮಿನಲ್ಲಿ ಇದು ನಡೆಯದು. ಕೆಂಪು ಬಣ್ಣದ ಇಂಗುದ್ರವವನ್ನು ಹಚ್ಚಿ, ಸುಮಾರು 10ರಿಂದ 20 ನಿಮಿಷ ಬಿಟ್ಟು, ಒರೆಸಿ, ಬಿಳಿಯ ಪುಡಿಯನ್ನು ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಚದುರಿದ ಚುಕ್ಕೆಗಳು ಬಹುತೇಕ ಎರಕದ ಸಣ್ಣ ರಂಧ್ರಗಳು, ಹೆದರಬೇಕಾದುದು ಗೆರೆಗೆ. ತಲೆಯ ಸ್ಟಡ್ಡುಗಳ ಸುತ್ತ, ಮುಖ್ಯ ಬೇರಿಂಗುಗಳನ್ನು ಹೊತ್ತ ಗೋಡೆಗಳಲ್ಲಿ ವಿಶೇಷವಾಗಿ ಹುಡುಕತಕ್ಕದ್ದು. ಸ್ಟಡ್ಡಿನ ಮರೆ ಕಿತ್ತಿದ್ದರೆ ಸುರುಳಿ ಒಳಸೇರಿಕೆಯಿಂದ ಸರಿಪಡಿಸಬಹುದು. ಬೇರಿಂಗಿನ ಗೋಡೆ ಸೀಳಿದ್ದರೆ ಆ ಕವಚದ ಆಸೆ ಬಿಡುವುದೇ ಲೇಸು.

ಬೇರಿಂಗಿನ ಮುಚ್ಚಳಗಳನ್ನು ಕವಚದೊಡನೆ ಸೇರಿಸಿಯೇ ಕೊರೆದಿರುವುದರಿಂದ ಅವು ಅದಲು ಬದಲಾಗಬಾರದು. ಅವನ್ನು ನಿಗದಿತ ಬಿಗಿತಕ್ಕೆ ತಿರುಗಿಸಿದ ಮೇಲೆಯೇ ರಂಧ್ರದ ದುಂಡನ್ನು ಅಳೆಯಬೇಕು. ಅಳತೆಯ ಹೊತ್ತಿನ ಉಷ್ಣವನ್ನು ನಮ್ಮವರು ಗಣಿಸುವುದು ಕಡಮೆ. 50 ಮಿಲಿಮೀಟರಿನ ಅಲ್ಯುಮಿನಿಯಂ ರಂಧ್ರವು 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಸುಮಾರು 0.01 ಮಿಲಿಮೀಟರು ಹಿಗ್ಗುತ್ತದೆ. ಬಿಸಿಲಿನಲ್ಲಿ ಆಟೋದಲ್ಲಿ ತಂದ ಕವಚವನ್ನು ಒಡನೆಯೇ ಅಳೆದರೆ ಇಲ್ಲದ ಸವೆತ ಕಾಣಿಸೀತು; ರಾತ್ರಿಯೆಲ್ಲ ನೆರಳಿನಲ್ಲಿರಿಸಿ ಬೆಳಿಗ್ಗೆ ಅಳೆಯುವುದು ಮೇಲು.

ಇಂಥ ಅಳತೆಗೆ ಬೇಕಾದ ಉಪಕರಣ, ಕೈಚಳಕ ಎರಡೂ ಪೀಣ್ಯದ ಯಂತ್ರಶಾಲೆಗಳಲ್ಲಿ ದೊರೆಯುತ್ತವೆ. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಕಾರ್ಖಾನೆ ನೆರೆಯ ಜಾಲಹಳ್ಳಿಯಲ್ಲಿದ್ದುದರಿಂದ ಸೂಕ್ಷ್ಮ ಅಳತೆ ಆ ಪ್ರದೇಶಕ್ಕೆ ಹೊಸದಲ್ಲ. ಆದರೆ ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಜೆ.ಸಿ. ರಸ್ತೆಯಲ್ಲಿ ಪಿಸ್ಟನ್, ರಿಂಗು, ಬೇರಿಂಗುಗಳನ್ನು ಕೊಂಡ ಬಳಿಕವೇ ಹೋಗುತ್ತಾರೆ. ಈ ಕ್ರಮ ತಲೆಕೆಳಗು. ಕವಚ ಉಳಿಯುವುದೋ ಇಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು; ಯಾವ ಅಳತೆಯ ಬಿಡಿಭಾಗ ಬೇಕೆಂಬುದು ಗೊತ್ತಾಗುವುದೂ ಅದರ ಅನಂತರವೇ.